ಮನೆಯಿಲ್ಲದ ಬಾಗಿಲು ಬಡಿದ ಕೆಟ್ಲವ್ವ

೫ ಜನವರಿ, ಸೋಮವಾರ

ಪುಸ್ತಕವೇ, ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚಂದ ಇಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟೆ. ಆಮೇಲೆ ನಾನು ಬೆಳೆದೆ, ಅಕ್ಷರ ಮಾತ್ರ ಹತ್ತು ವರ್ಷದ ಹುಡುಗಿಯದ್ದೇ ಆಗಿ ಉಳಿಯಿತು. ಗೆರೆಯ ಮೇಲೆ ಕೂತುಕೋ ಎಂದರೆ ಗೆರೆಗೆ ಜೋತುಬೀಳುತ್ತದೆ. ಒತ್ತುಗಳೂ ತಪ್ಪಿರುತ್ತವೆ. ಹೊಟ್ಟೆಗೆ ಹಾಕಿಕೋ. ನನ್ನನ್ನು ಬಿಟ್ಟು ನಿನ್ನನ್ನು ಯಾರೂ ಓದುವುದಿಲ್ಲ, ಅದೊಂದು ಸಮಾಧಾನ.

ನಾನು ಮಲಂಗಸಾಬರ ಕೇಬಲ್ ಚಾನೆಲ್ಲಿನ ಆಫೀಸಿನಲ್ಲಿ ಕಸ ಗುಡಿಸಿ ಚಹಾ ಮಾಡುತ್ತೇನೆ. ರಾಯಚೂರಿಗೆ ಬಂದು ಮೂರು ತಿಂಗಳಾಯಿತು. ಇರುವುದು ಹತ್ತಿರದ ಮಟಮಾರಿಯಲ್ಲಿ, ಚಿಗವ್ವನ ಮನೆಯಲ್ಲಿ. ಮಂದಿಯ ಮುಂದೆ ನನಗೆ ಬಾಯಿ ಬರುವುದಿಲ್ಲ. ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದು ಸಕ್ಕರೆ ಡಬ್ಬಿಯ ಕೆಳಗೆ ಇಡುತ್ತೇನೆ. ಇವತ್ತಿನ ಚೀಟಿ ಇದು: ‘ಹಾಲು ಒಡೆದಿದೆ. ನನ್ನ ತಪ್ಪಲ್ಲ. ಬೆಕ್ಕಿನದೂ ಅಲ್ಲ, ಬೆಕ್ಕನ್ನು ಕೇಳಿದೆ. ಈಗ ಹಾಲನ್ನೇ ಕೇಳಬೇಕು.’

ಅದನ್ನು ಉರುಕುಂದಪ್ಪ ತಾತ ಓದಿದರು. ತಾತ ಮಾನ್ವಿಯವರು. ಮೊದಲು ನಾಟಕದ ಕಂಪನಿಯಲ್ಲಿದ್ದರು, ರಾಜನೂ ಆಗುತ್ತಿದ್ದರು, ರಾಣಿಯೂ ಆಗುತ್ತಿದ್ದರಂತೆ. ಈಗ ಚಾನೆಲ್ಲಿನ ಜಾಹೀರಾತುಗಳಿಗೆ ದನಿ ಕೊಡುತ್ತಾರೆ. ಅವರು ಚೀಟಿಯನ್ನು ಒಳಗೆ ಒಯ್ದು ಜೋರಾಗಿ ಓದಿದರು. ನಾನು ಬಾಗಿಲ ಹಿಂದೆ ನಿಂತು ಗೋಡೆಯೊಳಗೆ ಹೋಗಲು ದಾರಿ ಹುಡುಕಿದೆ.

"ಸಾಬ್ರ, ಆ ಕಾರ್ಟೂನಿಗೆ ಮಾತು ಬರಿಯಾಕ ಯಾರೂ ಸಿಗವಲ್ರು ಅಂತಿದ್ರಲ್ಲ," ಎಂದರು ತಾತ. "ಈ ಹುಡುಗಿ ಹಾಲಿನ ಕೂಡ ಮಾತಾಡ್ತಾಳ. ಇಕಿ ಕೈಲೆ ಬರಸ್ರಿ."

"ಮಂದಿ ಕೂಡ ಮಾತಾಡಂಗಿಲ್ಲಲ್ಲ?"

"ಕಾರ್ಟೂನಿನ್ಯಾಗ ಮಂದಿ ಎಲ್ಲಿದಾರ?"

೭ ಜನವರಿ, ಬುಧವಾರ

ಕಾರ್ಟೂನಿನ ಸಂಗತಿ ಹೀಗಿದೆ. ಹೈದರಾಬಾದಿನಲ್ಲಿ ಮುಚ್ಚಿಹೋದ ಒಂದು ಕಂಪನಿಯಿಂದ ಮಲಂಗಸಾಬರು ಹದಿಮೂರು ಡಿಸ್ಕುಗಳನ್ನು ತಂದಿದ್ದಾರೆ. ಹಕ್ಕಿನ ಕಾಗದವೂ ಇದೆ, ಆದರೆ ಅದು ಯಾವ ಭಾಷೆಯದೆಂದು ಯಾರಿಗೂ ಗೊತ್ತಿಲ್ಲ. ಕಾರ್ಟೂನಿನೊಳಗಿನ ಮಾತೂ ಅದೇ ಭಾಷೆಯಂತೆ ಕೇಳಿಸುತ್ತದೆ, ಬಾಯಿಯಲ್ಲಿ ಬಿಸಿ ಗೆಣಸು ಇಟ್ಟುಕೊಂಡು ಮಾತಾಡಿದ ಹಾಗೆ. ಡಿಸ್ಕಿನ ಮೇಲೆ ನಂಬರೂ ಇಲ್ಲ. ಒಂದರ ಮೇಲೆ ದೋಣಿಯ ಚಿತ್ರ, ಒಂದರ ಮೇಲೆ ದೀಪ, ಒಂದರ ಮೇಲೆ ಬಾಗಿಲು.

ಮಲಂಗಸಾಬರು ಅವನ್ನು ಒಂದು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಪುಸ್ತಕಗಳ ಹಾಗೆ ಸಾಲಾಗಿ ನಿಲ್ಲಿಸಿದ್ದಾರೆ. "ಬರೋಬ್ಬರಿ ಸಾಲು ಹಚ್ಚೀನಿ ಬೇಟಿ. ಮೊದಲಿಂದ ಒಂದೊಂದ ತಗದು ನೋಡು, ಅವು ಏನು ಮಾತಾಡ್ತಾವೋ ಬರಿ. ಆಖರಿಗೆ ಒಂದು ನೀತಿ ಇರ್ಬೇಕು. ನೀತಿ ಇಲ್ದಿದ್ರ ತಾಯಂದಿರು ಟಿ.ವಿ. ಬಂದ್ ಮಾಡ್ತಾರ." ಮಂಗಳವಾರ ಮತ್ತು ಶುಕ್ರವಾರ ಸಂಜೆ ಆರಕ್ಕೆ ಹಾಕುತ್ತಾರಂತೆ. ಹದಿಮೂರೂ ಚೆನ್ನಾಗಿ ಮುಗಿದರೆ ನನ್ನನ್ನು ಬರೆಯುವ ಕೆಲಸಕ್ಕೇ ಇಟ್ಟುಕೊಳ್ಳುವುದಾಗಿ ಹೇಳಿದ್ದಾರೆ.

ಎಡಗಡೆಯ ಮೊದಲನೆಯದನ್ನು ತೆಗೆದೆ, ದೋಣಿಯದು. ಅದರಲ್ಲಿ ಒಂದು ಬೂದಿ ಬಣ್ಣದ ದುಂಡನೆಯ ಜೀವ ಇದೆ. ಕುತ್ತಿಗೆ ಇಲ್ಲ. ಒಂದೇ ಕಾಲಿಗೆ ಬೂಟು. ಅದು ಏನು ಎಂಬುದರ ಮೇಲೆ ಚಹಾ ಆರುವವರೆಗೂ ಜಗಳ ನಡೆಯಿತು.

"ಬಟಾಟಿ," ಎಂದರು ಮಲಂಗಸಾಬರು.

"ಕೆಟ್ಟ ತತ್ತಿ," ಎಂದರು ತಾತ.

"ಹಲ್ಲು ಇರಬೇಕು ನೋಡ್ರಿ, ದವಡಿ ಹಲ್ಲು," ಎಂದ ಅಂಬರೀಶ. ಅವನು ಕಂಪ್ಯೂಟರಿನವನು, ದನಿ ಕೂಡಿಸುವ ಕೆಲಸ ಅವನದು. ಹೋದ ತಿಂಗಳು ಹಲ್ಲು ಕೀಳಿಸಿಕೊಂಡಿದ್ದಾನೆ.

ನಾನು ಹೆಸರು ಬರೆದೆ: ದುಂಡಪ್ಪ. ಜಗಳ ನಿಂತಿತು. ದುಂಡಪ್ಪ ಅಂದಮೇಲೆ ಏನಾದರೂ ಆಗಿರಬಹುದು.

ಅವನ ಜೊತೆ ಒಂದು ಚಹಾದ ಕೆಟಲಿ ಇದೆ, ಅದಕ್ಕೆ ಕಾಲು ಇವೆ. ಬಾಯಿ ಇಲ್ಲ, ಕೊಳವೆಯಿಂದ ಹೊಗೆ ಬಿಡುತ್ತದೆ ಅಷ್ಟೇ. ಅದಕ್ಕೆ ಕೆಟ್ಲವ್ವ ಎಂದು ಹೆಸರಿಟ್ಟೆ. ದುಂಡಪ್ಪ ಅವಳನ್ನು ದೋಣಿಯಲ್ಲಿ ಕೂಡಿಸಿ ನೂಕುತ್ತಾನೆ. ದೋಣಿ ಹೋಗುತ್ತದೆ, ಹೋಗುತ್ತಲೇ ಇರುತ್ತದೆ, ಹೊಗೆಯೂ ಕಾಣದಾಗುತ್ತದೆ. ಮುಗಿಯಿತು.

"ಇದು ಮಕ್ಕಳದ್ದೇನು?" ಎಂದು ಮಲಂಗಸಾಬರು ಕೇಳಿದರು.

ನಾನು ರಾತ್ರಿಯ ಬಸ್ಸಿಗೆ ಮೊದಲೇ ಬರೆದು ಮುಗಿಸಿದೆ. ಕೆಟ್ಲವ್ವ ಕಲಾಯಿ ಹಾಕಿಸಿಕೊಳ್ಳಲು ದೇವದುರ್ಗಕ್ಕೆ ಹೊರಟಿದ್ದಾಳೆ. ದುಂಡಪ್ಪ ಅನ್ನುತ್ತಾನೆ, "ಹೊಳಿಯಾಗ ಹೋಗು ಬೇ, ಬಸ್ಸಿನ್ಯಾಗ ನಿನ್ನ ಹಿಡಿಕಿ ಹಿಡ್ಕೊಂಡು ನಿಲ್ತಾರ." ನೀತಿ: ದೋಣಿ ಹತ್ತುವ ಮೊದಲು ಹೊಟ್ಟೆಯೊಳಗಿನ ಚಹಾ ಖಾಲಿ ಮಾಡಬೇಕು.

ಬಸ್ಸು ಎಂದಾಗ ನೆನಪಾಯಿತು. ಆಫೀಸಿನ ಹತ್ತಿರ ಒಂದು ಬೇವಿನ ಗಿಡ ಇದೆ. ಅಲ್ಲಿ ‘ನಿಲ್ಸ್ರೀ’ ಎಂದರೆ ಮಾತ್ರ ಬಸ್ಸು ನಿಲ್ಲುತ್ತದೆ. ನಾನು ಅನ್ನುವುದಿಲ್ಲ. ಬೇರೆ ಯಾರಾದರೂ ಅಂದರೆ ಇಳಿಯುತ್ತೇನೆ, ಇಲ್ಲವಾದರೆ ಬಸ್ ಸ್ಟ್ಯಾಂಡಿಗೆ ಹೋಗಿ ಇಪ್ಪತ್ತು ನಿಮಿಷ ತಿರುಗಿ ನಡೆಯುತ್ತೇನೆ. ಮೂರು ತಿಂಗಳಲ್ಲಿ ಬೇರೆಯವರು ನಾಲ್ಕು ಸಲ ಅಂದಿದ್ದಾರೆ.

೧೩ ಜನವರಿ, ಮಂಗಳವಾರ

ಮೊದಲನೆಯದು ಟಿ.ವಿ.ಯಲ್ಲಿ ಬಂತು. ತಾತ ದುಂಡಪ್ಪನಿಗೆ ಎಂಥ ದನಿ ಕೊಟ್ಟಿದ್ದಾರೆಂದರೆ, ಮೂಗು ಕಟ್ಟಿದ ಮಹಾರಾಜನ ದನಿ.

ಅವ್ವ ನಮ್ಮೂರು ಮಸರಕಲ್ಲಿನಿಂದ ಫೋನು ಮಾಡಿದ್ದಳು. ಫೆಬ್ರವರಿ ಇಪ್ಪತ್ತೈದಕ್ಕೆ ಮೇಸ್ತ್ರಿಯ ಗಾಡಿ ಕಟ್ಟಡದ ಕೆಲಸದವರನ್ನು ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತದೆ. "ನಿನ್ನ ಹೆಸರೂ ಹೇಳೀನಿ ವಿಶಾಖಾ. ಮೇಸ್ತ್ರಿ ನಿನ್ನ ಆಧಾರ್ ಕಾರ್ಡಿನ ಫೋಟೋ ಹೊಡ್ಕೊಂಡು ಹೋಗ್ಯಾನ. ಬರ್ತಿಯಲ್ಲ?"

"ಹೂಂ," ಎಂದೆ.

ಅವ್ವನಿಗೆ ನಾನು ಯಾವಾಗಲೂ ಹೂಂ ಎನ್ನುತ್ತೇನೆ. ಬೇರೆ ಮಾತಿಗೆ ಬಹಳ ಉಸಿರು ಬೇಕು.

೧೬ ಜನವರಿ, ಶುಕ್ರವಾರ

ಎರಡನೆಯ ಡಿಸ್ಕಿನಲ್ಲಿ ಕೆಟ್ಲವ್ವ ಮನೆಯಲ್ಲೇ ಇದ್ದಾಳೆ. ಹೇಗೆ ಬಂದಳೆಂದು ತೋರಿಸಿಲ್ಲ. ಕಲಾಯಿಯೂ ಆಗಿಲ್ಲ. ದುಂಡಪ್ಪನ ಕೈಯಲ್ಲಿ ಹೇಳಿಸಿದೆ: "ಕಲಾಯಿ ಹಾಕೋನು ಮನ್ಯಾಗ ಇರ್ಲಿಲ್ಲಂತ. ಆತ ತನಗ ಕಲಾಯಿ ಹಾಕಿಸ್ಕೊಳ್ಳಾಕ ಹೋಗಿದ್ನಂತ."

ತಾತ ನಕ್ಕು ನಕ್ಕು ಮೈಕಿಗೆ ಹಣೆ ಬಡಿಸಿಕೊಂಡರು.

೨೦ ಜನವರಿ, ಮಂಗಳವಾರ

ಮೂರನೆಯದರಲ್ಲಿ ಚಂದ್ರ ಬರುತ್ತಾನೆ. ಕಾಗದ ಹಿಡಿದು ಬಾಗಿಲು ತಟ್ಟುತ್ತಾನೆ, ಏನೋ ಕೇಳುತ್ತಾನೆ, ಹೋಗುವಾಗ ಒಂದು ಚಮಚ ತೆಗೆದುಕೊಂಡು ಹೋಗುತ್ತಾನೆ. ಯಾಕೆ ಎಂದು ಕೇಳಬೇಡ. ಮನೆ ಮನೆಗೆ ಗಣತಿಯವರು ಬಂದದ್ದು ನೆನಪಾಗಿ ಅವನನ್ನು ಗಣತಿ ಸಾಹೇಬ ಮಾಡಿದೆ.

"ಮನ್ಯಾಗ ಎಷ್ಟು ಮಂದಿ?"

"ಚಮಚ ಸೇರ್ಸಿ ಹೇಳ್ಬೇಕೇನ್ರೀ, ಬಿಟ್ಟು ಹೇಳ್ಬೇಕೇನ್ರೀ?"

"ಚಮಚ ನಾ ಒಯ್ತೀನಿ. ಬಿಟ್ಟು ಹೇಳು."

ನೀತಿ: ಚಂದ್ರನಿಗೆ ಚಮಚ ಕೊಡುವುದಾದರೆ ತೊಳೆದು ಕೊಡಬೇಕು.

ಮಲಂಗಸಾಬರು ತಲೆ ಕೆರೆದುಕೊಂಡರು. "ಇದು ನೀತಿ ಹೌದಾ?" ತಾತ ಹೇಳಿದರು, "ಸ್ವಚ್ಛತಾ ಬಂತಲ್ಲ ಸಾಬ್ರ, ಇನ್ನೇನು ಬೇಕು?"

೨೭ ಜನವರಿ, ಮಂಗಳವಾರ

ಆಫೀಸಿನ ಎದುರು ಮನೆಯ ಸರಸ್ವತಿಬಾಯಿ ಇವತ್ತು ಮೆಟ್ಟಿಲು ಹತ್ತಿ ಬಂದರು. ಮಡಿ ಮಂದಿ, ಎಂದೂ ನಮ್ಮ ಆಫೀಸಿಗೆ ಬಂದವರಲ್ಲ.

"ಯಾರ್ರೀ ಇಲ್ಲಿ ಚಂದ್ರಗ ಚಮಚ ಕೊಡಂತ ಕಲಸಾಕತ್ತೋರು? ನಮ್ಮ ಮೊಮ್ಮಗಳು ಪೂರ್ಣಶ್ರೀ ದಿನಾ ಸಂಜಿಗೆ ಒಂದೊಂದು ತೊಳದು ಕಿಟಕ್ಯಾಗ ಇಡ್ತಾಳ. ಕಾಗಿ ಒಯ್ಯಾಕತ್ತಾವ. ಐದು ಹೋದವು. ನಾ ಪಾಯಸ ಕೈಲೆ ತಿನ್ಲೇನು?"

ಮಲಂಗಸಾಬರು ನನ್ನ ಕಡೆ ನೋಡಿದರು. ನಾನು ಚಹಾದ ತಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ಅಷ್ಟರಲ್ಲಿ ಆರು ಗಂಟೆಯಾಗಿ ಕಾರ್ಟೂನು ಬಂತು. ಇವತ್ತಿನದರಲ್ಲಿ ಒಂದು ಕುರ್ಚಿ ಅಳುತ್ತಾ ಮನೆಯ ಮುಂದೆ ಹಾದುಹೋಗುತ್ತದೆ, ಹಿಂದೆ ನೋಡುವುದಿಲ್ಲ. ಸರಸ್ವತಿಬಾಯಿ ನಿಂತೇ ನೋಡಿದರು.

"ಯಾಕ ಅಳಾಕತ್ತದ ಅದು?"

"ಗೊತ್ತಿಲ್ರೀ," ಎಂದ ಅಂಬರೀಶ. "ನೀತಿ ಬರ್ತದ ತಡೀರಿ."

ನೀತಿ: ಅಳುವ ಕುರ್ಚಿಯ ಮೇಲೆ ಕೂರಬಾರದು. ಕೂತರೆ ಕಾರಣ ಕೇಳಬೇಕು.

"ಖರೆ ಅದ," ಎಂದು ಸರಸ್ವತಿಬಾಯಿ ಇಳಿದು ಹೋದರು. ಚಮಚದ ಮಾತು ಮರೆತುಬಿಟ್ಟಿದ್ದರು.

೧ ಫೆಬ್ರವರಿ, ಭಾನುವಾರ

ಮಸರಕಲ್ಲಿಗೆ ಹೋಗಿದ್ದೆ. ಅವ್ವ ಟ್ರಂಕಿಗೆ ಸಾಮಾನು ತುಂಬುತ್ತಿದ್ದಳು. ಸಜ್ಜೆ ಹಿಟ್ಟು, ಉಪ್ಪಿನಕಾಯಿ, ಎರಡು ಚಾದರ. ಬೆಂಗಳೂರಿನಲ್ಲಿ ಈ ಸಲ ಹನ್ನೆರಡು ಅಂತಸ್ತಿನ ಕಟ್ಟಡವಂತೆ.

ನಾನು ಹತ್ತು ವರ್ಷದವಳಿದ್ದಾಗಿನಿಂದ ಆ ಗಾಡಿಯಲ್ಲಿ ಹೋಗಿದ್ದೇನೆ. ಅವ್ವ ಅಪ್ಪ ಕೆಲಸಕ್ಕೆ ಹೋದರೆ ತಗಡಿನ ಶೆಡ್ಡಿನಲ್ಲಿ ಅಡುಗೆ ನನ್ನದು. ಎಷ್ಟು ಮನೆಗಳು ಎದ್ದವೋ ಲೆಕ್ಕವಿಲ್ಲ. ಆದರೆ ಪೂರ್ತಿ ಆದ ಮನೆಯನ್ನು ಒಂದೂ ನೋಡಲಿಲ್ಲ. ಗೋಡೆ ಮುಗಿದು ಬಾಗಿಲು ಕೂಡಿಸುವಷ್ಟರಲ್ಲಿ ಮೇಸ್ತ್ರಿ ಬೇರೆ ಕಡೆಗೆ ಒಯ್ಯುತ್ತಿದ್ದ.

"ಟಿ.ವಿ.ಯವರು ಏನು ಮಾಡಿಸ್ತಾರ ನಿನ್ನ ಕೈಲೆ?" ಅವ್ವ ಕೇಳಿದಳು.

"ಬರಸ್ತಾರ."

"ಏನು?"

"ದುಂಡಪ್ಪ ಕೆಟಲಿಗಿ ಏನಂತಾನ ಅಂತ."

ಅವ್ವ ಹಿಟ್ಟಿನ ಕೈ ಒರೆಸಿಕೊಂಡಳು. ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು. "ಇಪ್ಪತ್ತಮೂರನೇ ತಾರೀಖಿಗೆ ಬಂದುಬಿಡು," ಎಂದಳು.

"ಹೂಂ."

ಇಪ್ಪತ್ತನಾಲ್ಕಕ್ಕೆ ಹದಿಮೂರನೆಯದು ಇದೆ ಎಂದು ಹೇಳಬೇಕಿತ್ತು. ಆಮೇಲೂ ಬರುವುದಿಲ್ಲ ಎಂದು ಹೇಳಬೇಕಿತ್ತು. ಸಜ್ಜೆ ಹಿಟ್ಟಿನ ಚೀಲ ಕಟ್ಟಿಕೊಟ್ಟು ಬಂದೆ.

೬ ಫೆಬ್ರವರಿ, ಶುಕ್ರವಾರ

ದುಂಡಪ್ಪನ ಮನೆಗೆ ಏನೋ ಆಗುತ್ತಿದೆ. ಮೊದಲ ಡಿಸ್ಕುಗಳಲ್ಲಿ ಚಂದದ ಹೆಂಚಿನ ಮನೆ ಇತ್ತು. ಆರನೆಯದಕ್ಕೆ ಹೆಂಚು ಅರ್ಧ. ಎಂಟನೆಯದಕ್ಕೆ ಚಾವಣಿಯೇ ಇಲ್ಲ. ಚಂದ್ರ ಚಮಚದಿಂದ ಚಾವಣಿಯನ್ನು ಕೆರೆದು ಕೆರೆದು ಒಯ್ದ ಎಂದು ಬರೆದೆ.

ಇನ್ನೊಂದು. ಮೊದಲನೆಯದರಲ್ಲಿ ದುಂಡಪ್ಪನ ತಲೆ ಬಾಗಿಲ ಚೌಕಟ್ಟಿಗೆ ತಾಗುತ್ತಿತ್ತು. ಈಗ ಚಿಲಕಕ್ಕೂ ನಿಲುಕುವುದಿಲ್ಲ.

"ಇವ ಸಣ್ಣಾಗಾಕತ್ತಾನಲ್ಲ?" ಎಂದರು ತಾತ.

ಆ ದೇಶದಲ್ಲಿ ಹಾಗೇ ಇರಬಹುದು ಎಂದುಕೊಂಡೆ. ನಮ್ಮ ಮುತ್ತವ್ವ ಕೂಡ ವರ್ಷ ವರ್ಷಕ್ಕೂ ಸಣ್ಣಗಾಗಿ ಕೊನೆಗೆ ನನ್ನ ಚಾದರದಲ್ಲಿ ಅರ್ಧಕ್ಕೆ ಹಿಡಿಸುತ್ತಿದ್ದಳು. ಬರೆದೆ: "ಕೆಟ್ಲವ್ವಾ, ನನಗ ವಯಸ್ಸಾತು ಬೇ, ನಿನ್ನ ಮುಚ್ಚಳ ಕಾಣವಲ್ದು."

೯ ಫೆಬ್ರವರಿ, ಸೋಮವಾರ

ತಪ್ಪು ಸಿಕ್ಕಿತು.

ಹತ್ತನೆಯ ಡಿಸ್ಕು ಹಾಕಿದ್ದೆವು. ಅದರಲ್ಲಿ ಗೋಡೆ ಮೊಣಕಾಲಿನಷ್ಟೇ ಇದೆ. ದುಂಡಪ್ಪ ಇಟ್ಟಿಗೆ ಇಡುತ್ತಿದ್ದಾನೆ, ಒಂದು, ಎರಡು, ಮೂರು. ಇಟ್ಟಿಗೆಯ ಕೆಲಸ ನನಗೆ ಗೊತ್ತು. ಕೆಡವುವವರು ಹಾಗೆ ಕೈ ಇಡುವುದಿಲ್ಲ. ಇವನು ಕಟ್ಟುತ್ತಿದ್ದಾನೆ.

ಚೀಟಿ ಬರೆದು ತಾತನಿಗೆ ಕೊಟ್ಟೆ. ತಾತ ಓದಿ ಮಲಂಗಸಾಬರನ್ನು ಕರೆದರು. "ಸಾಬ್ರ, ಡಿಸ್ಕು ಸಾಲಿಗೆ ಇಟ್ಟೋರು ಯಾರು?"

"ನಾನಽ. ಹೈದರಾಬಾದಿನವ್ರು ಹೇಳಿದ ಸಾಲು. ಬಾಗಿಲಿಂದು ಮೊದಲು. ಅಲ್ಲಿಂದ ಹಿಂಗ." ಸಾಬರು ಪೆಟ್ಟಿಗೆಯ ಮೇಲೆ ಬೆರಳಾಡಿಸಿ ತೋರಿಸಿದರು. ಬಲಗಡೆಯಿಂದ ಎಡಗಡೆಗೆ.

ಮಲಂಗಸಾಬರು ಕಲಿತದ್ದು ಉರ್ದು ಶಾಲೆಯಲ್ಲಿ. ಅವರ ಕೈ ಬಲದಿಂದ ಹೊರಡುತ್ತದೆ. ನನ್ನ ಕೈ ಎಡದಿಂದ ಹೊರಡುತ್ತದೆ. ಕೊನೆಯ ಭಾಗವನ್ನು ಮೊದಲು ಮಾಡಿ, ಹಿಂದಕ್ಕೆ ಹಿಂದಕ್ಕೆ ಬಂದಿದ್ದೇವೆ. ರಾಯಚೂರಿನ ಮಕ್ಕಳು ಒಂದು ತಿಂಗಳಿನಿಂದ ಕಾರ್ಟೂನನ್ನು ಬಾಲದಿಂದ ನೋಡುತ್ತಿದ್ದಾರೆ.

ಅಂಬರೀಶ ನಗಲು ಶುರು ಮಾಡಿದ. ಮಲಂಗಸಾಬರು ನಗಲಿಲ್ಲ. "ಪೂರಾ ಉಲ್ಟಾ! ಶಹರದಾಗ ನನ್ನ ಮರ್ಯಾದಿ ಏನಾಗ್ಬೇಕು? ಬಂದ್ ಮಾಡ್ರಿ. ನಾಳಿಂದು ತಯಾರಾಗೇದಲ್ಲ, ಅದೊಂದು ಹೋಗ್ಲಿ. ಯುಗಾದಿ ಆದಮ್ಯಾಗ ಸೀದಾ ಬಲದಿಂದ ಶುರು ಮಾಡೋಣು. ಮಾನ್ವಿಯಾಗ ಒಬ್ರು ವಿಠ್ಠಲ ಮಾಸ್ತರು ಅದಾರ, ಅವ್ರ ಕೈಲೆ ಬರಸೋಣು. ನೀತಿನೂ ನೆಟ್ಟಗ ಬರೀತಾರ."

ಯುಗಾದಿ ಮಾರ್ಚಿನಲ್ಲಿ. ಗಾಡಿ ಫೆಬ್ರವರಿಯಲ್ಲಿ.

೧೦ ಫೆಬ್ರವರಿ, ಮಂಗಳವಾರ

ಬಸ್ ಸ್ಟ್ಯಾಂಡಿನಿಂದ ನಡೆದೆ. ಚಹಾ ಮಾಡಿದೆ. ಒಂಬತ್ತನೆಯದು ಬಂತು. ನಾನು ನೋಡಲಿಲ್ಲ.

೧೨ ಫೆಬ್ರವರಿ, ಗುರುವಾರ

ನಿನ್ನೆ ಇಡೀ ದಿನ ದೋಣಿಯ ಬಗ್ಗೆ ಯೋಚಿಸಿದೆ. ಬಲದಿಂದ ನೋಡಿದರೆ ಕೆಟ್ಲವ್ವ ಕೊನೆಗೆ ಹೋಗುತ್ತಾಳೆ, ಕಲಾಯಿಗಲ್ಲ, ಸುಮ್ಮನೆ ಹೋಗುತ್ತಾಳೆ. ಆಮೇಲೆ ಡಿಸ್ಕೇ ಇಲ್ಲ. ಅದನ್ನು ಮಾಡಿದವರಿಗೆ ಹಾಗೆ ಬೇಕಿತ್ತು. ನನಗೆ ಅದು ಬೇಡವಾಗಿತ್ತು. ಹತ್ತನೆಯದರಲ್ಲಿ ಚಂದ್ರ ಮತ್ತೆ ಬರುತ್ತಾನೆ. ಯಾರೂ ಕೇಳದಿದ್ದರೂ ಅದರ ಮಾತು ಬರೆದೆ, ಕಾಗದವನ್ನು ಸಕ್ಕರೆ ಡಬ್ಬಿಯ ಕೆಳಗೆ ಇಟ್ಟೆ.

ಉರುಕುಂದಪ್ಪ ತಾತ ಮದುವೆಗೆಂದು ಮಾನ್ವಿಗೆ ಹೋಗಿದ್ದರು. ಕಾಗದ ಮಲಂಗಸಾಬರ ಕೈಗೆ ಸಿಕ್ಕಿತು. ಸಾಬರು ಕನ್ನಡವನ್ನು ಅಂಗಡಿಯ ಬೋರ್ಡಿನ ಮೇಲೆ ಓದುತ್ತಾರೆ. ನನ್ನ ಅಕ್ಷರ ಬೋರ್ಡಿನದಲ್ಲ. ಕನ್ನಡಕ ಏರಿಸಿದರು, ಇಳಿಸಿದರು, ಕಾಗದವನ್ನು ತಿರುಗಿಸಿ ಹಿಡಿದರು.

"ಅಂಬರೀಶ, ಓದು ಇದನ್ನ."

ಅಂಬರೀಶ ಕಿವಿಗೆ ಹೆಡ್‌ಫೋನು ಏರಿಸಿ, "ಕೇಳ್ಸವಲ್ದ್ರೀ," ಎಂದ. ಅದರ ವಾಯರು ಕಂಪ್ಯೂಟರಿಗೆ ಚುಚ್ಚಿರಲಿಲ್ಲ, ನೆಲದ ಮೇಲಿತ್ತು.

"ಹಂಗಾರ ನೀನಽ ಓದು ಬೇಟಿ."

ನಾನು ಗೋಡೆಯ ಕಡೆ ಮುಖ ಮಾಡಿ ಓದಿದೆ. ಗೋಡೆಯ ಮೇಲೆ ಒಂದು ಇರುವೆ ಹೋಗುತ್ತಿತ್ತು, ಅದಕ್ಕೆ ಓದಿ ಹೇಳಿದ ಹಾಗೆ ಓದಿದೆ.

ಚಂದ್ರ: ಮನ್ಯಾಗ ಎಷ್ಟು ಮಂದಿ?
ದುಂಡಪ್ಪ: ಇಬ್ಬರು ರೀ.
ಚಂದ್ರ: ಎಡದಿಂದ ಎಣಿಸಿದಿಯೋ, ಬಲದಿಂದೋ?
ದುಂಡಪ್ಪ: ಎಡದಿಂದ ಆದ್ರ ನಾನು, ಕೆಟ್ಲವ್ವ. ಬಲದಿಂದ ಆದ್ರ ಕೆಟ್ಲವ್ವ, ನಾನು.
ಚಂದ್ರ: ಹಂಗಾರ ನಾಲ್ಕು ಮಂದಿ ಆದ್ರಿ.
ದುಂಡಪ್ಪ: ರೊಟ್ಟಿ ಎರಡ ಅದಾವ ಸಾಹೇಬ್ರ.
ಚಂದ್ರ: ಯಾವ ಕಡಿಯಿಂದ ಬರಕೊಳ್ಳಿ ಹಂಗಾರ?
ದುಂಡಪ್ಪ: ಯಾವ ಕಡಿಯಿಂದ ಎಣಿಸಿದ್ರ ಮನಿ ಬಿಟ್ಟು ಯಾರೂ ಹೋಗಂಗಿಲ್ಲ, ಆ ಕಡಿಯಿಂದ ಬರಕೋರ್ರಿ.

ಓದಿ ಮುಗಿಸಿದೆ. ಇರುವೆ ಮೂಲೆ ತಲುಪಿತ್ತು.

"ಬಲದಿಂದ ನೋಡಿದ್ರ ಆಖರಿಗೆ ಕೆಟಲಿ ಹೋಗ್ತದ. ಅಲ್ಲೇನು?" ಮಲಂಗಸಾಬರು ಕೇಳಿದರು.

"ಹೋಗ್ತದ್ರೀ."

"ಎಡದಿಂದ ನೋಡಿದ್ರ?"

"ಬರ್ತದ್ರೀ."

ಸಾಬರು ಚಹಾ ಕುಡಿದರು. ತಟ್ಟೆಗೆ ಸುರುವಿ ಕುಡಿದರು. ಆಮೇಲೆ, "ಹಂಗಾರ ಎಡದಿಂದಽ ನಡೀಲಿ," ಎಂದರು. "ಬಲದಿಂದ ನಾ ಒಬ್ಬನ ಮನ್ಯಾಗ ನೋಡ್ಕೋತೀನಿ. ತಾತಗ ಫೋನ್ ಹಚ್ಚಲೇ ಅಂಬರೀಶ, ನಾಳಿಗೆ ದನಿ ಬೇಕು. ಮದುವಿ ಊಟ ಕಟ್ಟಿಸ್ಕೊಂಡು ಬಾ ಅನ್ನು."

ಹೆಡ್‌ಫೋನು ಹಾಕಿಕೊಂಡಿದ್ದ ಅಂಬರೀಶನಿಗೆ ಅದು ಮಾತ್ರ ಕೇಳಿಸಿತು.

೧೮ ಫೆಬ್ರವರಿ, ಬುಧವಾರ

ಹದಿಮೂರನೆಯ ಡಿಸ್ಕು ನೋಡಿದೆವು, ಬಾಗಿಲ ಚಿತ್ರದ್ದು. ಈಗ ಮನೆ ಇಲ್ಲ. ಗೋಡೆ ಇಲ್ಲ, ಪಾಯವೂ ಇಲ್ಲ. ಬಯಲಿನಲ್ಲಿ ಒಂದು ಬಾಗಿಲು, ಚೌಕಟ್ಟಿನ ಸಮೇತ, ತಾನೇ ನಿಂತಿದೆ. ಈ ಕಡೆ ಒಂದು ಹುಣಸೆ ಬೀಜದಷ್ಟು ದುಂಡಪ್ಪ. ಆ ಕಡೆಯಿಂದ ಕೆಟ್ಲವ್ವ ಬರುತ್ತಾಳೆ. ಸುತ್ತು ಹಾಕಿ ಬರಬಹುದು, ಎಲ್ಲಾ ಕಡೆ ಬಯಲೇ ಇದೆ. ಬರುವುದಿಲ್ಲ. ಬಾಗಿಲು ಬಡಿಯುತ್ತಾಳೆ.

ಆಮೇಲೆ ಅವಳ ಕೊಳವೆ ಅಲುಗುತ್ತದೆ. ಹೊಗೆಯಲ್ಲ, ಮಾತು! ಹನ್ನೆರಡು ಡಿಸ್ಕುಗಳಲ್ಲಿ ಒಂದು ಸಲವೂ ಮಾತಾಡದವಳು ಇದರಲ್ಲಿ ಮಾತಾಡುತ್ತಾಳೆ. ಮೂರು ಸಲ.

ತಾತ ಎದ್ದು ನಿಂತರು. "ಈ ದನಿ ನಾ ಕೊಡಂಗಿಲ್ಲ."

"ರಾಣಿ ದನಿ ಮಾಡ್ತಿದ್ರಲ್ಲ?" ಎಂದ ಅಂಬರೀಶ.

"ರಾಣಿಗೆ ಮಾಡ್ತೀನಿ. ಕೆಟಲಿಗಿ ಮಾಡಂಗಿಲ್ಲ. ಇಷ್ಟು ದಿನ ಸುಮ್ಮನಿದ್ದಾಕಿ ಬಾಯಿ ತಗಿಯಾಕತ್ತಾಳ. ಅದು ಸುಮ್ಮನಿದ್ದೋರ ದನಿನಽ ಆಗ್ಬೇಕು."

ಮೂವರೂ ನನ್ನ ಕಡೆ ತಿರುಗಿದರು. ನಾನು ಹಾಲು ಉಕ್ಕುತ್ತಿದೆ ಎಂದು ಒಳಗೆ ಓಡಿದೆ. ಒಲೆ ಹಚ್ಚಿಯೇ ಇರಲಿಲ್ಲ.

೨೧ ಫೆಬ್ರವರಿ, ಶನಿವಾರ

ಕೆಟ್ಲವ್ವನ ಮಾತಿಗೆ ನನ್ನನ್ನೇ ಮೈಕಿನ ಮುಂದೆ ನಿಲ್ಲಿಸಿದರು. ಅಂಬರೀಶ ದೀಪ ಆರಿಸಿ ನೋಡಿದ. ಮಲಂಗಸಾಬರು ಹೊರಗೆ ಹೋಗಿ ನಿಂತರು. ತಾತ ಗೋಣಿಚೀಲ ಹೊದ್ದು ತಾನು ಇಲ್ಲ ಎಂದರು. ಗೋಣಿಚೀಲದೊಳಗಿಂದ ಕೆಮ್ಮುತ್ತಿದ್ದರು. ಹನ್ನೊಂದು ಸಲ ಮಾಡಿದೆವು. ಹನ್ನೊಂದು ಸಲವೂ ಬರೀ ಉಸಿರು ಬಂತು.

ಕೊನೆಗೆ ತಾತ ಹೇಳಿದರು, "ಕೆಟ್ಲವ್ವ ಎಲ್ಲಿ ನಿಂತಾಳವಾ? ಬಾಗಿಲ ಆಚಿಕಡಿ. ನೀ ಯಾಕ ಒಳಗ ನಿಂತಿ?"

ಮೈಕನ್ನು ಮೆಟ್ಟಿಲ ಮೇಲೆ ಇಟ್ಟರು. ನನ್ನನ್ನು ಹೊರಗೆ ನಿಲ್ಲಿಸಿ ಬಾಗಿಲು ಮುಚ್ಚಿದರು. ಒಳಗೆ ತಾತ, ಇನ್ನೊಂದು ಮೈಕು. ನಾನು ಬಾಗಿಲು ಬಡಿದೆ.

"ಯಾರ್ರೀ?" ತಾತ ಕೇಳಿದರು. ಮಹಾರಾಜನಲ್ಲ, ಹುಣಸೆ ಬೀಜದಷ್ಟು ದನಿ.

"ನಾನ್ರೀ. ಒಳಗ ಬರ್ಲೇನ್ರೀ?"

"ಒಳಗ ಅಂದ್ರ ಯಾವ ಕಡಿ ರೀ?"

"ಗೊತ್ತಿಲ್ರೀ. ನೀವು ಇದ್ದ ಕಡಿ ಇರಬೇಕು."

"ಮನಿ ಇನ್ನಾ ಕಟ್ಟಿಲ್ಲಲ್ರೀ. ಇಲ್ಲಿ ಏನೂ ಇಲ್ಲ."

"ಇರ್ಲಿ ಬಿಡ್ರಿ. ಕಟ್ಟೋತನಕ ನಾ ಇಲ್ಲೇ ಇರ್ತೀನಿ."

ಎದುರು ಮನೆಯ ಕಿಟಕಿಯಲ್ಲಿ ಸರಸ್ವತಿಬಾಯಿ ನಿಂತಿದ್ದರು. "ಯಾರಿಗೆ ಬೇಕವಾ?" ಎಂದು ಕೂಗಿದರು. ಅದೂ ಮೈಕಿನಲ್ಲಿ ಬಂದಿದೆ. ಅಂಬರೀಶ ತೆಗೆಯುವುದಿಲ್ಲವಂತೆ. ಚಂದ್ರನ ಹೆಂಡತಿ ಎಂದುಕೊಳ್ಳುತ್ತಾರೆ ಅನ್ನುತ್ತಾನೆ.

೨೪ ಫೆಬ್ರವರಿ, ಮಂಗಳವಾರ

ಆರಕ್ಕೆ ಬಂತು. ಸರಸ್ವತಿಬಾಯಿ ಪೂರ್ಣಶ್ರೀಯನ್ನು ಕರೆದುಕೊಂಡು ಆಫೀಸಿಗೇ ಬಂದು ಕೂತರು. ಕೆಟ್ಲವ್ವ ಬಾಗಿಲು ಬಡಿದಾಗ ಪೂರ್ಣಶ್ರೀ, "ಅಜ್ಜಿ, ಇಷ್ಟು ದಿನ ಲೇ ಬೇ ಅಂತಿದ್ರು, ಇವತ್ತು ಯಾಕ ರೀ ರೀ ಅನ್ನಾಕತ್ತಾರ?" ಎಂದಳು.

"ಇವತ್ತ ಗುರ್ತಾಗ್ಯಾದಲ್ಲವಾ ಅದ್ಕ," ಎಂದರು ಸರಸ್ವತಿಬಾಯಿ, ಎಲ್ಲಾ ಗೊತ್ತಿದ್ದವರ ಹಾಗೆ.

ನೀತಿ: ಬಾಗಿಲು ಬಡಿದವರಿಗೆ ಚಹಾ ಬೇಕೇ ಎಂದು ಕೇಳಬೇಕು. ಅವರು ಕೆಟಲಿಯೇ ಆಗಿದ್ದರೂ ಕೇಳಬೇಕು.

ಕೆಳಗೆ ನನ್ನ ಹೆಸರು ಬಂತು. ಮಲಂಗಸಾಬರೇ ಹಾಕಿಸಿದ್ದು. ಬಲಗಡೆಯಿಂದ ತೇಲಿಕೊಂಡು ಬಂದು ಎಡಗಡೆಗೆ ನಿಂತಿತು.

ಇಳಿದು ಬರುವಾಗ ಅವ್ವನ ಫೋನು. "ನಿನ್ನೆನ ಬರ್ಬೇಕಿತ್ತು. ನಾಳಿ ಮುಂಜಾನಿ ಏಳಕ್ಕ ಗಾಡಿ. ಮೇಸ್ತ್ರಿ ಇಲ್ಲೇ ನಿಂತಾನ, ಏನು ಹೇಳ್ಲಿ?"

ನಾನು ಆಫೀಸಿನ ಬಾಗಿಲ ಹೊರಗೆ ನಿಂತಿದ್ದೆ, ಮುಚ್ಚಿದ ಬಾಗಿಲ ಕಡೆ ಮುಖ ಮಾಡಿ. "ನಾ ಇಲ್ಲೇ ಇರ್ತೀನಿ ಯವ್ವಾ," ಎಂದೆ.

ಆ ಕಡೆಯಿಂದ ಅವ್ವ, "ಯಾರ ದನಿ ಬೇ ಅದು?"

"ನಂದಽ."

"ಪಕ್ಕದ ಮನಿ ಫೋನಿನ್ಯಾಗ ಈಗ ನೋಡಿದ್ನಿ. ಆ ಕೆಟಲಿ ಹಿಂಗ ಅಂತು."

"ಅದೂ ನಾನ ಯವ್ವಾ."

ಅವ್ವ ಮೇಸ್ತ್ರಿಗೆ ಏನೋ ಹೇಳಿದಳು. ನನಗೆ ಅರ್ಧ ಕೇಳಿಸಿತು: "...ಬರಂಗಿಲ್ಲ. ಆಕಿಗೆ ಅಲ್ಲಿ ಮನಿ ಕಟ್ಟೋದದ ಅಂತ." ಆಮೇಲೆ ನನಗೆ, "ಸಜ್ಜಿ ಹಿಟ್ಟು ಅರ್ಧ ಮಟಮಾರಿಗೆ ಕಳಿಸ್ತೀನಿ. ಒಬ್ಬಾಕಿನ ತಿನಬ್ಯಾಡ, ಆ ದುಂಡಗಿನಂವಗೂ ಕೊಡು," ಎಂದಳು. ನಗುತ್ತಿದ್ದಳೋ ಮೂಗು ಒರೆಸುತ್ತಿದ್ದಳೋ ತಿಳಿಯಲಿಲ್ಲ.

೨೬ ಫೆಬ್ರವರಿ, ಗುರುವಾರ

ಗಾಡಿ ನಿನ್ನೆ ಹೋಯಿತು. ಅವ್ವ ದಾರಿಯಿಂದ ಫೋನು ಮಾಡಿದ್ದಳು. ಗಾಡಿಯಲ್ಲಿದ್ದವರೆಲ್ಲ ನೀತಿ ಕೇಳುತ್ತಿದ್ದಾರಂತೆ. ಒಂದು ಹೇಳಿದೆ.

ಮಲಂಗಸಾಬರು ಹೊಸ ಡಿಸ್ಕುಗಳನ್ನು ಹುಡುಕಲು ಹೈದರಾಬಾದಿಗೆ ಹೋಗುತ್ತಾರಂತೆ. ಸಿಗದಿದ್ದರೆ ನಾನೇ ಕಥೆ ಮಾಡಿ ಕೊಡಬೇಕು, ಅಂಬರೀಶ ಚಿತ್ರ ಬಿಡಿಸುತ್ತಾನೆ. ಅವನಿಗೆ ಹಲ್ಲು ಮಾತ್ರ ಬಿಡಿಸಲು ಬರುತ್ತದೆ. ಇರಲಿ, ಹಲ್ಲಿನಿಂದ ಶುರು ಮಾಡುತ್ತೇನೆ.

ಸಕ್ಕರೆ ತೀರಿದೆ ಎಂದು ನಿನ್ನೆ ಚೀಟಿ ಬರೆಯಲು ಕಾಗದ ಹುಡುಕುತ್ತಿದ್ದೆ. ಸಿಗಲಿಲ್ಲ. ತಾತ ಅಷ್ಟರಲ್ಲಿ ಸಕ್ಕರೆ ತಂದುಬಿಟ್ಟಿದ್ದರು. ಯಾರು ಹೇಳಿದರೆಂದು ಕೇಳಿದರೆ, "ನೀನಽ ಒದರಿದೆಲ್ಲವಾ," ಎಂದರು.

ಇವತ್ತು ಬೇಗ ಬಂದುಬಿಟ್ಟೆ, ಬಸ್ಸು ಬೇವಿನ ಗಿಡದ ಹತ್ತಿರವೇ ನಿಂತಿತು. ಕಂಡಕ್ಟರು, "ಹಗುರಕ ನಿಲ್ಸ್ರೀ ಅನ್ನವಾ, ನನಗ ಕಿವಿ ಅದಾವ," ಎಂದು ಗೊಣಗಿದ. ಇವತ್ತು ಅವನ ಮನಸ್ಸು ಸರಿಯಿರಲಿಲ್ಲವೇನೋ. ಆಫೀಸಿನಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಇಪ್ಪತ್ತು ನಿಮಿಷ ಉಳಿದಿತ್ತು, ಏನು ಮಾಡುವುದೆಂದು ತಿಳಿಯಲಿಲ್ಲ. ಚಹಾದ ಚಮಚ ಒಂದನ್ನು ಚೆನ್ನಾಗಿ ತೊಳೆದು ಕಿಟಕಿಯಲ್ಲಿ ಇಟ್ಟೆ.